ಕೆರೆ ಹಿನ್ನೀರಿನ ಜೌಗು ಜಾಗ: ಮಣ್ಣು ತುಂಬಿ ಬಸ್ ಸ್ಟ್ಯಾಂಡ್ ಮಾಡಬೇಕಾ, ಹಾಗೇ ಬಿಡಬೇಕಾ?

ಹಿನ್ನೀರು_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣ. ಹೆಸರು ಬರೆಯಲ್ಲ, ಬರೆದರೆ ನಾಳೆ ಬೆಳಿಗ್ಗೆ ಮನೆ ಮುಂದೆ ಇಬ್ಬರು ಬಂದು ನಿಲ್ಲುತ್ತಾರೆ.

ಊರ ದೊಡ್ಡ ಕೆರೆಯ ಹಿನ್ನೀರಿನ ಕಡೆ, ಅಂದರೆ ಏರಿಗೆ ಎದುರು ದಿಕ್ಕಿನಲ್ಲಿ, ಒಂದಷ್ಟು ಜಾಗ ಜೌಗಾಗಿದೆ. ಮೊದಲು ಪೂರ್ತಿ ಜಾಲಿ ಬೆಳೆದಿತ್ತು. ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಕಾಣುತ್ತಿತ್ತು, ಚೌಳು ನೆಲ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕಳಿಸುವ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಜಾಲಿ ಸತ್ತು, ಈಗ ಮೊಣಕಾಲುದ್ದ ನೀರು, ಜೊಂಡು, ಹುಲ್ಲು, ಹಕ್ಕಿಗಳು. ದನ ಮೇಯಿಸುವವರೂ ಬರುತ್ತಾರೆ.

ಈಗ ಅಲ್ಲಿ ಮಣ್ಣು ತುಂಬಿ ಹೊಸ ಬಸ್ ಸ್ಟ್ಯಾಂಡ್ ಮತ್ತು ಅಂಗಡಿ ಮಳಿಗೆ ಕಟ್ಟುವ ಪ್ಲಾನ್ ಇದೆ. ಉಳಿದ ಕೆರೆಗೆ ಸುತ್ತ ಕಲ್ಲಿನ ಗೋಡೆ, ವಾಕಿಂಗ್ ಪಾತ್, ದೋಣಿ ವಿಹಾರ. ಆಕ್ಷೇಪಣೆ ಇದ್ದರೆ ಬರೆದು ಕೊಡಿ ಅಂದಿದ್ದಾರೆ. ಬಸ್ ಸ್ಟ್ಯಾಂಡ್ ಊರಿಗೆ ನಿಜವಾಗಲೂ ಬೇಕು, ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಇದೇ ಜಾಗ ಯಾಕೆ? ಸಮುದ್ರದ ಪಕ್ಕದ ಉಪ್ಪು ಜೌಗಿಗೆ ಕಾನೂನಿನ ರಕ್ಷಣೆ ಇದೆ ಅಂತ ಕೇಳಿದ್ದೇನೆ. ಬಯಲುಸೀಮೆ ಕೆರೆ ಜೌಗಿಗೆ ಅಂಥದ್ದೇನಾದರೂ ಇದೆಯಾ? ಅರ್ಜಿಯಲ್ಲಿ ಏನು ಬರೆಯಬೇಕು? ಗೊತ್ತಿರುವವರು ಹೇಳಿ.

ಸೈಟ್_ಬೇಕು:
ಕಟ್ಟಲಿ ಬಿಡಿ ಸ್ವಾಮಿ. ಸೊಳ್ಳೆ ಸಾಕೋಕೆ ಊರ ಮಧ್ಯೆ ಎಕರೆಗಟ್ಟಲೆ ಜಾಗ ಬೇಕಾ?

ಏರಿಮೇಲೆ:
ಬಂತು ಸೊಳ್ಳೆ. ಕೆರೆ ಮಾತು ತೆಗೆದರೆ ಮೊದಲು ಸೊಳ್ಳೆ ಬರುತ್ತದೆ, ಆಮೇಲೆ ಲೇಔಟ್ ಬರುತ್ತದೆ.

ಸೈಟ್_ಬೇಕು:
ನೀವು ಏರಿ ಮೇಲೆ ಕೂತು ಮಾತಾಡುತ್ತೀರಿ. ನಮ್ಮ ಮನೆ ಕೆರೆಯಿಂದ ಎರಡು ಬೀದಿ ಆಚೆ. ಸಂಜೆ ಆರಕ್ಕೆ ಕಿಟಕಿ ತೆಗೆಯುವ ಹಾಗಿಲ್ಲ. ಬಂದು ಒಂದು ರಾತ್ರಿ ಮಲಗಿ.

ಬಾತು_ಎಣಿಸುವವ:
ಸೊಳ್ಳೆ ವಿಚಾರ ಸುಳ್ಳಲ್ಲ. ಆದರೆ ಯಾವ ಸೊಳ್ಳೆ ಅಂತ ನೋಡಬೇಕು. ಡೆಂಗಿ ಸೊಳ್ಳೆ ಮನೆಯ ಸುತ್ತಮುತ್ತ ನಿಂತ ನೀರಲ್ಲೇ ಬೆಳೆಯುತ್ತದೆ: ತೊಟ್ಟಿ, ಡ್ರಮ್ಮು, ಹಳೇ ಟೈರು. ರಾತ್ರಿ ಕಚ್ಚುವ ಸೊಳ್ಳೆ ಜಾಸ್ತಿ ಬರೋದು ಚರಂಡಿ ಕೊಳಕು ನಿಂತ ಕಡೆ. ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿ ಇರುವ ಜೌಗಿನಲ್ಲಿ ಸೊಳ್ಳೆ ಮರಿಗಳನ್ನು ತಿನ್ನೋರು ಬೇಕಾದಷ್ಟಿರುತ್ತಾರೆ. ನಿಮ್ಮ ಬೀದಿ ಚರಂಡಿ ಎಲ್ಲಿಗೆ ಹೋಗುತ್ತದೆ ಅಂತ ಒಂದು ಸಲ ನೋಡಿಕೊಂಡು ಬನ್ನಿ.

ಸೈಟ್_ಬೇಕು:
ಕೆರೆಗೇ ಹೋಗುತ್ತದೆ. ಯುಜಿಡಿ, ಅಂದರೆ ಒಳಚರಂಡಿ, ಮಾಡಿಲ್ಲವಲ್ಲ, ನಾವೇನು ಮಾಡೋಣ.

ಏರಿಮೇಲೆ:
ಹಾಗಾದರೆ ಚರಂಡಿಗೆ ದುಡ್ಡು ಕೇಳಿ. ಬಸ್ ಸ್ಟ್ಯಾಂಡ್ ಕಟ್ಟಿದರೆ ನಿಮ್ಮ ಬೀದಿ ನೀರು ಹರಿಯೋದು ನಿಲ್ಲುತ್ತದಾ?

ಟೊಮೆಟೊ_ಮಂಡಿ:
ನಾನು ಮಧ್ಯದ ಮಾತು ಹೇಳುತ್ತೇನೆ, ಇಬ್ಬರೂ ಬೈಬೇಡಿ. ನನಗೆ ಕೆರೆ ಬೇಕು, ಆದರೆ ಜೌಗು ಬೇಡ. ಕೆರೆ ಅಂದರೆ ತುಂಬಿದ ನೀರು. ಆ ಜೊಂಡು ತೆಗೆದು, ಹೂಳು ತೆಗೆದು, ಎಲ್ಲಾ ಕಡೆ ಒಂದೇ ಸಮ ಆಳ ಮಾಡಿದರೆ ಇನ್ನೂ ನೀರು ಹಿಡಿಯುತ್ತದೆ. ನನ್ನ ತೋಟದ ಬೋರು ಸಾವಿರದ ಇನ್ನೂರು ಅಡಿ. ಕೆರೆಗೆ ನೀರು ಬರೋಕೆ ಮುಂಚೆ ಅದು ಗಾಳಿ ಕಕ್ಕುತ್ತಿತ್ತು, ಈಗ ಮೂರಿಂಚು ಬರುತ್ತಿದೆ. ಹಕ್ಕಿ ನೋಡೋಕೆ ಚೆನ್ನಾಗಿರುತ್ತವೆ, ಇಲ್ಲ ಅನ್ನಲ್ಲ. ನಮಗೆ ನೀರು ಮುಖ್ಯ.

ಗೋಡು_ಮಣ್ಣು:
ಮಂಡಿಯಣ್ಣ, ಈ 'ಎಲ್ಲಾ ಕಡೆ ಒಂದೇ ಸಮ ಆಳ' ಅನ್ನೋದೇ ಈಗಿನ ದೊಡ್ಡ ತಪ್ಪು. ನಮ್ಮ ಕಡೆ ಕೆರೆಗಳು ಬಟ್ಟಲಲ್ಲ, ಓರೆಯಾಗಿ ಹಿಡಿದ ತಟ್ಟೆ. ಏರಿ ಹತ್ತಿರ ಆಳ, ಹಿಂದಕ್ಕೆ ಹೋದಂತೆ ತೆಳು. ಮೇಲಿಂದ ರಾಜಕಾಲುವೆ ನೀರು ರಭಸವಾಗಿ ಬಂದು ಆ ತೆಳು ಜಾಗದಲ್ಲಿ ಹರಡಿಕೊಳ್ಳುತ್ತದೆ. ವೇಗ ಕಡಿಮೆ ಆಗುತ್ತದೆ. ಮರಳು, ಮಣ್ಣು, ಕಸ ಅಲ್ಲೇ ಕೂರುತ್ತದೆ. ಹುಲ್ಲು, ಜೊಂಡು ಅದನ್ನು ಹಿಡಿದುಕೊಳ್ಳುತ್ತವೆ. ತೂಬಿನ ಹತ್ತಿರ ಬರುವಷ್ಟರಲ್ಲಿ ನೀರು ಎಷ್ಟೋ ತಿಳಿಯಾಗಿರುತ್ತದೆ.

ನೀವು ಆ ಜಾಗ ಮುಚ್ಚಿದರೆ ಆ ಹೂಳೆಲ್ಲ ನೇರ ತೂಬಿನ ಬಾಯಿಗೆ ಬರುತ್ತದೆ. ಆಮೇಲೆ ಮತ್ತೆ ಹೂಳೆತ್ತೋ ಟೆಂಡರ್. ಗುತ್ತಿಗೆದಾರನಿಗೆ ಹಬ್ಬ.

ಹೂಳು ತೆಗೆಯೋದೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಿಂದೆ ಬೇಸಿಗೆಯಲ್ಲಿ ಗಾಡಿ ಕಟ್ಟಿಕೊಂಡು ಹೋಗಿ ಗೋಡು ತಂದು ಹೊಲಕ್ಕೆ ಹೊಡೆಯುತ್ತಿದ್ದರು. ಏರಿ ಪಕ್ಕದ ಆಳದಲ್ಲಿ ತೆಗೆಯುತ್ತಿದ್ದರು, ವರ್ಷ ವರ್ಷ ಸ್ವಲ್ಪ ಸ್ವಲ್ಪ. ಈಗ ಜೆಸಿಬಿ ತಂದು ಅಂಚಿನ ತನಕ ಕೆರೆದು, ಕೆಳಗಿನ ಗರಸು ಮಣ್ಣು ಕಾಣುವ ತನಕ ಬಿಡಲ್ಲ.

ಟೊಮೆಟೊ_ಮಂಡಿ:
ಜೆಸಿಬಿ ಮಾತು ಒಪ್ಪಿದೆ. ನಮ್ಮೂರಲ್ಲಿ ಹೂಳು ಅಂತ ತೆಗೆದದ್ದರಲ್ಲಿ ಅರ್ಧ ಇಟ್ಟಿಗೆ ಗೂಡಿಗೆ ಹೋಯಿತು.

ಮಾಲೂರು_ಮೇಷ್ಟ್ರು:
ಇಟ್ಟಿಗೆ ಅಂದರೆ ಎಲ್ಲರೂ ಮಾಲೂರು ಕಡೆ ನೋಡಬೇಡಿ ಸಾರ್ 😀

ಕಡಲೂರ_ಸೊಸೆ:
ನಾನು ಮುಳಬಾಗಿಲು ಹುಡುಗಿ, ಮದುವೆಯಾಗಿ ಇರೋದು ಕುಮಟಾ ಕಡೆ. ಉಪ್ಪು ಜೌಗಿನ ಪ್ರಶ್ನೆಗೆ ನಾನು ಹೇಳುತ್ತೇನೆ, ದಿನಾ ನೋಡುವ ಜಾಗ ಅದು.

ಇಲ್ಲಿ ಅಘನಾಶಿನಿ ಸಮುದ್ರ ಸೇರುವ ಕಡೆ ಗಜನಿ ಅಂತ ಗದ್ದೆಗಳಿವೆ. ಭರತದಲ್ಲಿ ಉಪ್ಪು ನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೋಗುತ್ತದೆ. ಮಳೆಗಾಲದಲ್ಲಿ ಸಿಹಿನೀರು ಜಾಸ್ತಿಯಾದಾಗ ಕಗ್ಗ ಅನ್ನೋ ಭತ್ತ ಬೆಳೆಯುತ್ತಾರೆ. ಅದು ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯಲ್ಲ. ಕಟಾವಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಇಳಿತದ ಹೊತ್ತಲ್ಲಿ ಹೆಂಗಸರು ಕೆಸರಲ್ಲಿ ಚಿಪ್ಪು ಆರಿಸುತ್ತಾರೆ, ಎಷ್ಟೋ ಮನೆಗಳ ಒಲೆ ಉರಿಯೋದು ಅದರಿಂದ. ನೋಡುವವರಿಗೆ ಅದು ಬರೀ ಕೆಸರು. ನನಗೂ ಮದುವೆಯಾದ ಹೊಸತರಲ್ಲಿ ವಾಸನೆ ಅನ್ನಿಸುತ್ತಿತ್ತು.

ಇದೇ ಅಳಿವೆ ದಡದ ತದಡಿಯಲ್ಲಿ ಕಲ್ಲಿದ್ದಲಿನ ದೊಡ್ಡ ವಿದ್ಯುತ್ ಸ್ಥಾವರ ಮಾಡುತ್ತೇವೆ ಅಂತ ಹೊರಟಿದ್ದರು, 4000 ಮೆಗಾವಾಟ್‌ದು. ಜನ ಬಿಡಲಿಲ್ಲ. ಆಮೇಲೆ ಬಂದರು ಅಂದರು. ಅದಕ್ಕೂ ವಿರೋಧ ಬಂತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು, 4801 ಹೆಕ್ಟೇರ್.

ಹಿನ್ನೀರು_ಹುಡುಗ:
ಅಕ್ಕ, ಕರಾವಳಿಯಲ್ಲಿ ಕಾನೂನು ಹೇಗೆ? ಪೂರ್ತಿ ನಿಷೇಧವಾ?

ಕಡಲೂರ_ಸೊಸೆ:
ಕರಾವಳಿ ನಿಯಂತ್ರಣ ವಲಯ ಅಂತ ಅಧಿಸೂಚನೆ ಇದೆ. ಮೊದಲನೆಯದು 1991ರಲ್ಲಿ ಬಂತು, ಆಮೇಲೆ 2011, ಈಗಿನದು 2019ರದ್ದು. ಅದರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೆಸರು ಬಯಲು, ಉಪ್ಪು ಜೌಗು, ಕಡಲಾಮೆ ಮೊಟ್ಟೆಯಿಡುವ ಜಾಗ ಇವೆಲ್ಲ ಅತ್ಯಂತ ಸೂಕ್ಷ್ಮ ವಲಯ. ಸಾಮಾನ್ಯವಾಗಿ ಏನೂ ಕಟ್ಟುವ ಹಾಗಿಲ್ಲ. ಆದರೆ ದೇಶದ ರಕ್ಷಣೆ, ಸಾರ್ವಜನಿಕ ಸೌಕರ್ಯ ಅಂತ ಕಾರಣ ಕೊಟ್ಟು ರಸ್ತೆ ಹಾಕೋಕೆ ಕಿಂಡಿ ಬಿಟ್ಟಿದ್ದಾರೆ. ಕಿಂಡಿ ಸಣ್ಣದಿದ್ದರೂ ಲಾರಿ ನುಗ್ಗುತ್ತದೆ.

ಇನ್ನೊಂದು ಮಾತು. ಇಲ್ಲಿ ಹಾಳಾಗಿದ್ದು ಬರೀ ಹೊರಗಿನ ಕಂಪನಿಗಳಿಂದ ಅಲ್ಲ. ಸಿಗಡಿಗೆ ರೇಟು ಬಂದಾಗ ಭತ್ತ ಬಿಟ್ಟು ವರ್ಷ ಪೂರ್ತಿ ಸಿಗಡಿ ಸಾಕಿದರು. ತೊಂಬತ್ತರ ದಶಕದಲ್ಲಿ ಬಿಳಿ ಚುಕ್ಕೆ ರೋಗ ಬಂದು ಎಲ್ಲ ಮುಳುಗಿತು. 1996ರಲ್ಲಿ ಸುಪ್ರೀಂ ಕೋರ್ಟೇ ಕರಾವಳಿ ವಲಯದಲ್ಲಿ ಇಂಥ ಸಿಗಡಿ ಹೊಂಡ ಬೇಡ, ಸಾಂಪ್ರದಾಯಿಕವಾಗಿ ಮಾಡುವವರಿಗೆ ಮಾತ್ರ ಸರಿ ಅಂದಿತು. 2005ರಲ್ಲಿ ಕೇಂದ್ರ ಬೇರೆ ಕಾಯ್ದೆ ತಂದು ಮತ್ತೆ ದಾರಿ ಮಾಡಿಕೊಟ್ಟಿತು. ಒಡ್ಡು ನೋಡಿಕೊಳ್ಳುವವರಿಲ್ಲದೆ ಎಷ್ಟೋ ಗಜನಿ ಈಗ ಪಾಳು.

ರೇಷ್ಮೆ_ಗೂಡು:
ಕಗ್ಗದ ಅಕ್ಕಿ ಊಟಕ್ಕೆ ಹೇಗಿರುತ್ತದೆ ಅಕ್ಕ? ಕೆಂಪಕ್ಕಿನಾ?

ಕಡಲೂರ_ಸೊಸೆ:
ಹೌದು, ಕೆಂಪು, ದಪ್ಪ. ಗಂಜಿಗೆ ಚೆನ್ನಾಗಿರುತ್ತದೆ. ಆದರೆ ನಾನು ಈಗಲೂ ಅಮ್ಮನ ಹತ್ತಿರ ರಾಗಿ ಹಿಟ್ಟು ತರಿಸಿಕೊಳ್ಳುತ್ತೇನೆ. ಇವರಿಗೆ ಮುದ್ದೆ ನುಂಗೋಕೆ ಕಲಿಸಿದ್ದೇ ದೊಡ್ಡ ಹೋರಾಟ.

ಏರಿಮೇಲೆ:
ಅಲ್ಲೂ ಮೀನಿದೆ ತಾನೆ, ಮುದ್ದೆಗೆ ಸರಿಯಾದ ಜೋಡಿ.

ಪೆನ್ಸಿಲ್_ನಕ್ಷೆ:
ಮುದ್ದೆ ಆಮೇಲೆ. ಕಾನೂನಿಗೆ ಬರೋಣ. ನಾನು ಸರ್ವೆ ಇಲಾಖೆಯಲ್ಲಿ ಇದ್ದವನು, ಈಗ ನಿವೃತ್ತಿ. ಹುಡುಗ ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ.

ಕರಾವಳಿ ಅಧಿಸೂಚನೆ ನಮಗೆ ಅನ್ವಯಿಸಲ್ಲ, ನಮ್ಮಲ್ಲಿ ಭರತ ಇಳಿತ ಇಲ್ಲ. ಇನ್ನು ಜೌಗು ಪ್ರದೇಶ ನಿಯಮ 2017 ಅಂತ ಒಂದಿದೆ. ಅದನ್ನು ಹಿಡಿದುಕೊಂಡು ಹೋಗಬೇಡಿ. ಅದರ ವ್ಯಾಖ್ಯೆಯಲ್ಲೇ ಕುಡಿಯುವ ನೀರಿಗೆ, ನೀರಾವರಿಗೆ, ಮೀನು ಸಾಕಣೆಗೆ, ಉಪ್ಪು ತಯಾರಿಗೆ ಅಂತ ಮನುಷ್ಯ ಕಟ್ಟಿದ್ದನ್ನು ಹೊರಗಿಟ್ಟಿದ್ದಾರೆ. ನಮ್ಮ ಕೆರೆಗಳೆಲ್ಲ ನೀರಾವರಿಗೆ ಕಟ್ಟಿದ್ದು. ಎದುರಿನ ವಕೀಲ ಮೊದಲ ದಿನವೇ ಇದನ್ನು ಎತ್ತುತ್ತಾನೆ.

ನಿಮಗೆ ಬೇಕಾದದ್ದು ಕಂದಾಯ ದಾಖಲೆ. ಆ ಜಾಗದ ಸರ್ವೆ ನಂಬರ್ ಪಹಣಿಯಲ್ಲಿ 'ಸರ್ಕಾರಿ ಕೆರೆ' ಅಂತ ಇದೆಯಾ? ಗ್ರಾಮ ನಕ್ಷೆಯಲ್ಲಿ ಕೆರೆ ಗಡಿ ಎಲ್ಲಿಗೆ ಬರುತ್ತದೆ? ಮೊಬೈಲ್‌ನಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಯಾವ ಸರ್ವೆ ನಂಬರ್ ಅಂತ ಅಂದಾಜು ಸಿಗುತ್ತದೆ. ಅದು ಅಂದಾಜು ಮಾತ್ರ, ಕೋರ್ಟಿಗೆ ಅಳತೆ ಬೇಕು. ಕೆರೆ ಅಂತ ಇದ್ದರೆ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಬರುತ್ತದೆ. ಕೆರೆ ಜಾಗ ಒತ್ತುವರಿ, ಒಳಗೆ ಕಟ್ಟಡ, ಕಸ ಸುರಿಯೋದು ಎಲ್ಲಾ ಅದರಲ್ಲಿ ನಿಷೇಧ.

ಸುಪ್ರೀಂ ಕೋರ್ಟಿನ ಎರಡು ತೀರ್ಪು ಬರೆದುಕೊಳ್ಳಿ. 2001ರ ಹಿಂಚ್ ಲಾಲ್ ತಿವಾರಿ ಪ್ರಕರಣ, 2011ರ ಜಗಪಾಲ್ ಸಿಂಗ್ ಪ್ರಕರಣ. ಕೆರೆ ಕುಂಟೆ ಊರಿನ ಸಾಮೂಹಿಕ ಆಸ್ತಿ, ಒತ್ತುವರಿ ಸಕ್ರಮ ಮಾಡಬಾರದು ಅಂತ ಹೇಳಿರುವಂಥವು.

ಹಿನ್ನೀರು_ಹುಡುಗ:
ಸಾರ್, ಕೆರೆ ಅಂಚಿನಿಂದ 75 ಮೀಟರ್ ಜಾಗ ಖಾಲಿ ಬಿಡಬೇಕು ಅಂತಾರಲ್ಲ, ಅದು?

ಪೆನ್ಸಿಲ್_ನಕ್ಷೆ:
ಅದನ್ನು ಬರೆಯಲೇಬೇಡಿ. ಹಸಿರು ನ್ಯಾಯಪೀಠ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ ಹೇಳಿದ ಮಾತು ಅದು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜನ ಇನ್ನೂ ವಾಟ್ಸಾಪಲ್ಲಿ ಅದನ್ನೇ ಕಳಿಸುತ್ತಾರೆ. ನಿಮ್ಮದು ಕೆರೆ ಪಕ್ಕದ ಜಾಗದ ಪ್ರಶ್ನೆಯೇ ಅಲ್ಲ, ಕೆರೆ ಒಳಗಿನ ಜಾಗ. ವಾದ ಸುಲಭ ಇದೆ, ಕಷ್ಟ ಮಾಡಿಕೊಳ್ಳಬೇಡಿ.

ಬಾತು_ಎಣಿಸುವವ:
ಪೆನ್ಸಿಲ್ ಸಾರ್, ಒಂದು ಸೇರಿಸುತ್ತೇನೆ. ನಮ್ಮ ನಿಯಮ ಹೊರಗಿಟ್ಟರೂ ರಾಮ್ಸರ್ ಪಟ್ಟಿ ಹೊರಗಿಟ್ಟಿಲ್ಲ. 2024ರಲ್ಲಿ ಅಘನಾಶಿನಿ ಜತೆಗೇ ಸೇರಿದ್ದು ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ. ಎರಡೂ ಜನರು ನೀರಾವರಿಗೆ ಕಟ್ಟಿದ ಕೆರೆಗಳೇ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತು ಬರುತ್ತವೆ. ಆಳ ನೀರಿಗಾಗಿ ಬರಲ್ಲ ಅವು. ರಾತ್ರಿ ನೀರಲ್ಲಿ ತಂಗಿ, ಬೆಳಿಗ್ಗೆ ಸುತ್ತಲ ಹೊಲದಲ್ಲಿ ಮೇಯುತ್ತವೆ.

ಈ ಕಡೆ ತುಮಕೂರು ಜಿಲ್ಲೆ ಸಿರಾ ತಾಲ್ಲೂಕಿನ ಕಗ್ಗಲಡು ನೋಡಿ. ಊರ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ಊರಿನವರು ಅವನ್ನು ಓಡಿಸಲ್ಲ. ಆ ಹಕ್ಕಿಗಳು ಮರಿಗೆ ಮೀನು ತರೋದು ಸುತ್ತಮುತ್ತಲ ಕೆರೆಗಳ ತೆಳು ನೀರಿಂದ. ಮರ ಉಳಿಸಿ ಕೆರೆ ಅಂಚು ಮುಚ್ಚಿದರೆ ಗೂಡಿನಲ್ಲಿ ಮರಿ ಏನು ತಿನ್ನಬೇಕು?

ಹುಡುಗ, ನಿಮ್ಮ ಜಾಗದಲ್ಲಿ ಯಾವ ಹಕ್ಕಿ ಕಂಡಿವೆ? ಪಟ್ಟಿ ಮಾಡಿ, ದಿನಾಂಕ ಹಾಕಿ ಫೋಟೋ ತೆಗೆಯಿರಿ.

ಹಿನ್ನೀರು_ಹುಡುಗ:
ನನಗೆ ಹೆಸರು ಗೊತ್ತಿರೋದು ನಾಮದ ಕೋಳಿ, ಟಿಟ್ಟಿಭ, ಬೆಳ್ಳಕ್ಕಿ. ಉದ್ದ ಕೆಂಪು ಕಾಲಿನದ್ದು ಗುಂಪುಗುಂಪಾಗಿ ಇರುತ್ತವೆ. ಚಮಚದಂಥ ಕೊಕ್ಕಿನದ್ದೂ ಒಂದಷ್ಟು.

ಬಾತು_ಎಣಿಸುವವ:
ಕೆಂಪು ಕಾಲಿನದ್ದು ಮೆಟ್ಟುಗಾಲು ಹಕ್ಕಿ. ನಾಮದ ಕೋಳಿ ಬಿಟ್ಟರೆ ಉಳಿದವಕ್ಕೆ ಬೇಕಿರೋದು ತೆಳು ನೀರು. ಸುತ್ತ ಕಲ್ಲಿನ ಗೋಡೆ ಕಟ್ಟಿ ದೋಣಿ ಬಿಟ್ಟ ದಿನ ಇವೆಲ್ಲ ಹೋಗುತ್ತವೆ. ನೀರುಕಾಗೆ ಮಾತ್ರ ಉಳಿಯುತ್ತದೆ. ಅದಕ್ಕೇ ನನಗೆ ಬಸ್ ಸ್ಟ್ಯಾಂಡಿಗಿಂತ ಆ ವಾಕಿಂಗ್ ಪಾತ್ ಮೇಲೆ ಸಿಟ್ಟು ಜಾಸ್ತಿ. ಬಸ್ ಸ್ಟ್ಯಾಂಡ್ ಒಂದು ಮೂಲೆ ತಿನ್ನುತ್ತದೆ. ಕಲ್ಲಿನ ಗೋಡೆ ಕೆರೆಯ ಸುತ್ತಲಿನ ಅಂಚನ್ನೆಲ್ಲ ತಿನ್ನುತ್ತದೆ. ಅದಕ್ಕೆ ಜನ ಚಪ್ಪಾಳೆ ಬೇರೆ ತಟ್ಟುತ್ತಾರೆ.

ತಟ್ಟೆಇಡ್ಲಿ_ತುಮಕೂರು:
ಇಲ್ಲಿ ಒಂದು ಆಕ್ಷೇಪ. ನಮ್ಮ ತುಮಕೂರು ಅಮಾನಿಕೆರೆಗೆ ಪಾರ್ಕು, ಗಾಜಿನ ಮನೆ, ವಾಕಿಂಗ್ ಪಾತ್ ಎಲ್ಲ ಬಂದಿದೆ. ಬೆಳಿಗ್ಗೆ ಹೋಗಿ ನೋಡಿ, ಸಾವಿರಾರು ಜನ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು, ಮಕ್ಕಳು. ಪಾರ್ಕ್ ಇರುವುದರಿಂದಲೇ ಅದು ಲೇಔಟ್ ಆಗದೆ ಉಳಿದಿದೆ ಅಂತ ನನ್ನ ಅಭಿಪ್ರಾಯ. ಜನ ಓಡಾಡದ ಕೆರೆ ರಾತ್ರೋರಾತ್ರಿ ಕಟ್ಟಡದ ಕಲ್ಲು ಮಣ್ಣು ಸುರಿಯುವ ಜಾಗ ಆಗುತ್ತದೆ. ಹಕ್ಕಿ ಎಣಿಸುವವರು ವರ್ಷಕ್ಕೆ ಎರಡು ಸಲ ಬರುತ್ತಾರೆ, ಲಾರಿ ದಿನಾ ಬರುತ್ತದೆ.

ಬಾತು_ಎಣಿಸುವವ:
ಕೊನೆ ಸಾಲು ಚುಚ್ಚಿತು. ಮಾತು ನಿಜ ಇದೆ. ಆದರೆ ಪಾತ್ ಏರಿ ಮೇಲೆ ಮಾಡಬಹುದಲ್ವಾ? ಏರಿ ಈಗಾಗಲೇ ಇದೆ, ಎತ್ತರ ಇದೆ, ನಡೆಯೋಕೆ ಗಾಳಿ ಇದೆ. ಹಿನ್ನೀರಿನ ಕಡೆ ಸುತ್ತು ಹಾಕಲೇಬೇಕಾ?

ತಟ್ಟೆಇಡ್ಲಿ_ತುಮಕೂರು:
ಏರಿ ಮೇಲೆ ಆದರೆ ನನ್ನ ತಕರಾರಿಲ್ಲ. ಆದರೆ ಸುತ್ತು ಪೂರ್ತಿ ಆಗದಿದ್ದರೆ ನಮ್ಮ ವಾಕಿಂಗ್ ಗೆಳೆಯರು ಗಲಾಟೆ ಮಾಡುತ್ತಾರೆ, ಮೊದಲೇ ಹೇಳಿದ್ದೇನೆ.

ಸೈಟ್_ಬೇಕು:
ಎಲ್ಲಾ ಸರಿ, ಬಸ್ ಸ್ಟ್ಯಾಂಡ್ ಎಲ್ಲಿ ಕಟ್ಟಬೇಕು? ಅದಕ್ಕೆ ಒಬ್ಬರೂ ಉತ್ತರ ಕೊಟ್ಟಿಲ್ಲ. ಈಗಿರುವ ಕಡೆ ಬಸ್ ತಿರುಗಿಸೋಕೆ ಜಾಗ ಇಲ್ಲ. ಹೆಂಗಸರು ರಸ್ತೆಯಲ್ಲಿ ನಿಲ್ಲುತ್ತಾರೆ, ಶೌಚಾಲಯ ಇಲ್ಲ. ಖಾಸಗಿ ಜಾಗ ಕೊಳ್ಳೋಕೆ ಹೋದರೆ ಗುಂಟೆ ಲೆಕ್ಕದಲ್ಲಿ ಕೋಟಿ ಮಾತು. ಬೆಂಗಳೂರಿನ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಧರ್ಮಾಂಬುಧಿ ಕೆರೆಯಲ್ಲಿ ಕಟ್ಟಿದ್ದು. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ. ಅವರು ಕಟ್ಟಿದರೆ ರಾಜಧಾನಿ, ನಾವು ಕಟ್ಟಿದರೆ ಪಾಪ.

ಗೋಡು_ಮಣ್ಣು:
ಬೆಂಗಳೂರಿನ ಹೆಸರು ತೆಗೆದಿರಲ್ಲ, ಒಳ್ಳೇದಾಯಿತು. ಅವರು ಕೆರೆ ಮುಚ್ಚಿ, ಕಾವೇರಿ ನೀರು ತಂದು, ಬಳಸಿ, ಆ ನೀರನ್ನು ಎರಡನೇ ಹಂತದ ತನಕ ಶುದ್ಧ ಮಾಡಿ ನಮಗೆ ಕೊಡುತ್ತಿದ್ದಾರೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ತುಂಬಿಸುವ ಲೆಕ್ಕ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂತು, ಮುಂದಿನ ತಿಂಗಳೇ ನೊರೆ. ಹೈಕೋರ್ಟ್ ತಡೆ, ಸುಪ್ರೀಂ ಕೋರ್ಟ್ ತಡೆ, ಆಮೇಲೆ ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ನಮ್ಮ ಜನ ಇನ್ನೂ ಕೇಳುತ್ತಿದ್ದಾರೆ.

ಈ ನೀರಲ್ಲಿ ಸಾರಜನಕ, ರಂಜಕ ಉಳಿದಿರುತ್ತದೆ. ಜೊಂಡು, ಹುಲ್ಲು ಅದನ್ನೇ ತಿಂದು ಬೆಳೆಯೋದು. ಅಂದರೆ ಸರ್ಕಾರ ಮಾಡದ ಮೂರನೇ ಹಂತದ ಕೆಲಸದಲ್ಲಿ ಸ್ವಲ್ಪ ಭಾಗವನ್ನು ಆ ಜೌಗು ಪುಕ್ಕಟೆ ಮಾಡುತ್ತಿದೆ. ಅದನ್ನೇ ಮುಚ್ಚುತ್ತೇವೆ ಅನ್ನುತ್ತೀರಿ.

ನೀಲಗಿರಿ_ಸಾಕು:
ಇಲ್ಲಿ ಒಂಚೂರು ತಿದ್ದುಪಡಿ. ಜೊಂಡು ತಿಂದಿದ್ದು ಜೊಂಡಿನಲ್ಲೇ ಇರುತ್ತದೆ. ಕೊಯ್ದು ಹೊರಗೆ ಹಾಕದಿದ್ದರೆ ಅದು ಸತ್ತು ಕೊಳೆತು ಮತ್ತೆ ನೀರಿಗೇ ವಾಪಸ್ ಬರುತ್ತದೆ. ಮತ್ತೆ, ಭಾರ ಲೋಹ ಬಂದರೆ ಜೌಗಿನ ಕೆಸರಲ್ಲಿ ಕೂರುತ್ತದೆ, ಮಾಯ ಆಗಲ್ಲ. ಜೌಗು ಇದೆ ಅಂತ ಬೆಂಗಳೂರು ಬೇಕಾದ್ದು ಕಳಿಸಲಿ ಅನ್ನೋ ಹಾಗೆ ಮಾತಾಡಬೇಡಿ.

ಗೋಡು_ಮಣ್ಣು:
ಹಾಗೆ ಹೇಳಿಲ್ಲ. ಕೊಯ್ಯಬೇಕು ಅನ್ನೋದು ಸರಿ. ಮುಂಚೆ ಚಾಪೆಗೆ, ಮಾಡಿಗೆ, ದನಕ್ಕೆ ಅಂತ ಕೊಯ್ಯುತ್ತಿದ್ದರು. ಈಗ ಚಾಪೆ ಪ್ಲಾಸ್ಟಿಕ್, ಮಾಡು ಶೀಟು.

ಮಾಲೂರು_ಮೇಷ್ಟ್ರು:
ಚೌಳು ನೆಲ ಅಂದಾಗ ನೆನಪಾಯಿತು. ನಮ್ಮ ಬಯಲುಸೀಮೆಯಲ್ಲೂ ಚೌಳು ಮಣ್ಣು ಕೆರೆದು, ನೀರಲ್ಲಿ ಕರಗಿಸಿ ಸೋಸಿ, ಬಿಸಿಲಿಗೆ ಒಣಗಿಸಿ ಉಪ್ಪು ಮಾಡುತ್ತಿದ್ದರು. ಉಪ್ಪಾರ ಸಮುದಾಯದ ಕಸುಬು ಅದು. ಸಮುದ್ರದ ಉಪ್ಪು ರೈಲಲ್ಲಿ ಸಲೀಸಾಗಿ ಬರೋಕೆ ಶುರುವಾದ ಮೇಲೆ ಆ ಕಸುಬು ನಿಂತಿತು. ಅಂದರೆ 'ಹಾಳು ನೆಲ' ಅಂತ ಕರೆಯುವ ಜಾಗದಲ್ಲಿ ಒಂದು ಕಾಲಕ್ಕೆ ಸಂಸಾರ ನಡೆದಿದೆ.

ಏರಿಮೇಲೆ:
ಮೇಷ್ಟ್ರೇ, ಇದು ಗೊತ್ತಿರಲಿಲ್ಲ. ಪಾಠದಲ್ಲಿ ದಂಡಿ ಮಾತ್ರ ಓದಿದ್ದು.

ಟೊಮೆಟೊ_ಮಂಡಿ:
ಒಂದು ಮಾತು ಯಾರೂ ಹೇಳುತ್ತಿಲ್ಲ. 2021ರ ನವೆಂಬರ್ ಮಳೆ ನೆನಪಿದೆಯಾ? ಕೋಲಾರ, ಚಿಕ್ಕಬಳ್ಳಾಪುರ ಎರಡೂ ಕಡೆ ಕೆರೆಗಳು ಕೋಡಿ ಹರಿದವು. ರಾಗಿ ತೆನೆ ಹೊಲದಲ್ಲೇ ಮೊಳೆತಿತ್ತು. ಹತ್ತು ಹದಿನೈದು ವರ್ಷ ಒಣಗಿದ್ದ ಕೆರೆಗಳಲ್ಲಿ ಮನೆ ಕಟ್ಟಿದ್ದವರು ಹಾಸಿಗೆ ಹೊತ್ತುಕೊಂಡು ಹೊರಗೆ ಬಂದರು. ಯಲಹಂಕದಲ್ಲಿ ಅಪಾರ್ಟ್‌ಮೆಂಟಿಗೆ ಕೆರೆ ನುಗ್ಗಿ ದೋಣಿಯಲ್ಲಿ ಜನರನ್ನು ಇಳಿಸಿದ್ದೂ ಆಗಲೇ. ಆ ದಿನ ನಿಮ್ಮ ಹಿನ್ನೀರಿನ ಜಾಗದಲ್ಲಿ ಎಷ್ಟು ನೀರಿತ್ತು ಅಂತ ಊರಲ್ಲಿ ಯಾರ ಹತ್ತಿರವಾದರೂ ಫೋಟೋ ಇರುತ್ತದೆ. ಅದನ್ನು ಅರ್ಜಿಗೆ ಅಂಟಿಸಿ. ಹಕ್ಕಿ ಫೋಟೋಗಿಂತ ಅದಕ್ಕೆ ಬೆಲೆ ಜಾಸ್ತಿ.

ಬಾತು_ಎಣಿಸುವವ:
ಮಂಡಿಯಣ್ಣ ಜೌಗು ಬೇಡ ಅಂದವರು ಈಗ ನಮ್ಮ ಕಡೆ ಬಂದರು.

ಟೊಮೆಟೊ_ಮಂಡಿ:
ನಿಮ್ಮ ಕಡೆ ಅಲ್ಲ, ನೀರಿನ ಕಡೆ. ನೀರು ಬರುವ ಜಾಗದಲ್ಲಿ ಬಸ್ ನಿಲ್ಲಿಸಿದರೆ ಬಸ್ಸೇ ಮುಳುಗುತ್ತದೆ, ಅಷ್ಟೇ ನನ್ನ ಮಾತು. ಜೊಂಡು ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ.

ಪೆನ್ಸಿಲ್_ನಕ್ಷೆ:
ಒಳ್ಳೇ ಸಲಹೆ. ಇನ್ನೊಂದು ಕೇಳಿ: ಕೋಡಿಯ ಮಟ್ಟ. ಕೋಡಿ ಕಲ್ಲಿನ ಎತ್ತರಕ್ಕೆ ನೀರು ನಿಂತರೆ ಹಿಂದೆ ಎಲ್ಲಿಯ ತನಕ ಹರಡುತ್ತದೋ ಅಲ್ಲಿಯ ತನಕ ಕೆರೆ. ಕೆಲವು ಕಡೆ ಲೇಔಟ್ ಉಳಿಸೋಕೆ ಕೋಡಿಯನ್ನೇ ಒಡೆದು ತಗ್ಗಿಸುತ್ತಾರೆ. ನಿಮ್ಮೂರ ಕೋಡಿ ಕಲ್ಲು ಹೊಸದಾಗಿ ಒಡೆದಿದೆಯಾ, ಹೋಗಿ ನೋಡಿ. ಯಾರೂ ಗಮನಿಸದ ಕೆಲಸ ಅದು.

ಹಿನ್ನೀರು_ಹುಡುಗ:
ಸಾರ್, ಈಗಲೇ ಹೋಗಿ ನೋಡಿಕೊಂಡು ಬಂದೆ. ಕೋಡಿಯ ಎಡಗಡೆ ಒಂದು ಕಡೆ ಕಲ್ಲು ಕಿತ್ತಿದ್ದಾರೆ. ಹೊಸ ಗಾಯದ ಥರ ಇದೆ. ಅಲ್ಲಿಂದ ನೀರು ಹೋಗುತ್ತಿದೆ. ಯಾರು ಮಾಡಿದ್ದು ಅಂತ ಕೇಳಿದರೆ ಎಲ್ಲರೂ ಆಕಾಶ ನೋಡುತ್ತಾರೆ.

ಏರಿಮೇಲೆ:
ಹಳೇ ಕಾಲದಲ್ಲಾಗಿದ್ದರೆ ನೀರುಗಂಟಿ ಇರುತ್ತಿದ್ದ. ತೂಬು, ಕೋಡಿ ಅವನ ಜವಾಬ್ದಾರಿ, ಸುಗ್ಗಿಯಲ್ಲಿ ಎಲ್ಲರ ಕಣದಿಂದ ಅವನಿಗೆ ಪಾಲು. ಯಾರಾದರೂ ಕಲ್ಲು ಕಿತ್ತರೆ ಮಾರನೇ ದಿನ ಪಂಚಾಯಿತಿ ಸೇರುತ್ತಿತ್ತು.

ಸೈಟ್_ಬೇಕು:
ನೀರುಗಂಟಿ ಯಾವ ಕುಲದವನು, ಅವನಿಗೆ ಆ ಕಣದಲ್ಲಿ ಎಲ್ಲಿ ನಿಲ್ಲೋಕೆ ಬಿಡುತ್ತಿದ್ದರು ಅದನ್ನೂ ಹೇಳಿ. ಹಳೇ ಕಾಲ ಅಂದರೆ ಎಲ್ಲಾ ಚೆನ್ನಾಗಿತ್ತು ಅನ್ನೋ ಹಾಗೆ ಬರೆಯುತ್ತೀರಿ. ನಮ್ಮಜ್ಜ ಆ ಕೆಲಸ ಮಾಡಿದವರು. ಊರಿಗೆಲ್ಲ ನೀರು ಬಿಟ್ಟರು, ಕೆರೆ ನೀರು ಹಾಯುವ ಅಚ್ಚುಕಟ್ಟಿನಲ್ಲಿ ಒಂದು ಗುಂಟೆ ಅವರ ಹೆಸರಲ್ಲಿ ಇರಲಿಲ್ಲ. ಈಗ ಕೆರೆ ಜಾಗದಲ್ಲಿ ನಮ್ಮಂಥವರಿಗೆ ಒಂದು ಮಳಿಗೆ ಸಿಗುತ್ತದೆ ಅಂದರೆ ಎಲ್ಲರಿಗೂ ಪರಿಸರ ನೆನಪಾಗುತ್ತದೆ.

ಏರಿಮೇಲೆ:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣ.

ನೀಲಗಿರಿ_ಸಾಕು:
ಆದರೆ ಆ ಮಳಿಗೆ ನಿಮಗೇ ಸಿಗುತ್ತದೆ ಅಂತ ಯಾರು ಹೇಳಿದರು? ನಮ್ಮೂರಲ್ಲಿ ಮಳಿಗೆ ಹರಾಜಾದಾಗ ಹತ್ತರಲ್ಲಿ ಎಂಟು ಒಂದೇ ಮನೆಗೆ ಹೋದವು, ಬೇರೆ ಬೇರೆ ಹೆಸರಲ್ಲಿ. ಮೀಸಲಾತಿ ಮಳಿಗೆಯೂ ಒಳಬಾಡಿಗೆ.

ಸೈಟ್_ಬೇಕು:
ಅದು ಗೊತ್ತಿದೆ. ಅದಕ್ಕೇ ಬೇರೆ ಜಾಗ ತೋರಿಸಿ ಅಂತ ಕೇಳುತ್ತಿರೋದು. ಜಾಗ ತೋರಿಸಿದರೆ ನಾನೂ ಸಹಿ ಹಾಕುತ್ತೇನೆ.

ಹಿನ್ನೀರು_ಹುಡುಗ:
ಜಾಗ ಇದೆ ಅಣ್ಣ. ಮೊದಲೇ ಹೇಳಬೇಕಿತ್ತು. ಮೇನ್ ರೋಡಲ್ಲಿ ಮುಚ್ಚಿ ಹೋದ ಸರ್ಕಾರಿ ರೇಷ್ಮೆ ಗೂಡಿನ ಮಾರ್ಕೆಟ್ ಕಟ್ಟಡ ಇದೆ, ಹಿಂದೆ ದೊಡ್ಡ ಬಯಲು. ಪಾಳು ಬಿದ್ದಿದೆ. ಅದರ ಮೇಲೆ ಯಾರ ಕಣ್ಣಿದೆ ಅಂತ ಊರಿಗೆಲ್ಲ ಗೊತ್ತು, ಅದಕ್ಕೇ ಯಾರೂ ಅದರ ಹೆಸರೆತ್ತಲ್ಲ.

ರೇಷ್ಮೆ_ಗೂಡು:
ಗೂಡಿನ ಮಾರ್ಕೆಟ್ ಮುಚ್ಚಿದ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಶಿಡ್ಲಘಟ್ಟದಲ್ಲಿ ಇನ್ನೂ ನಡೆಯುತ್ತಿದೆ, ಆದರೆ ಗೂಡಿನ ರೇಟು ಒಂದು ದಿನ ಇದ್ದಂತೆ ಇನ್ನೊಂದು ದಿನ ಇಲ್ಲ. ಈ ವಾರ ನಿಮ್ಮ ಕಡೆ ಹಿಪ್ಪುನೇರಳೆ ಸೊಪ್ಪು ಏನು ರೇಟು?

ನಿರ್ವಾಹಕ:
ಸೊಪ್ಪಿನ ರೇಟಿಗೆ ಬೇರೆ ವಿಭಾಗ ಇದೆ ದಯವಿಟ್ಟು.

ಪೆನ್ಸಿಲ್_ನಕ್ಷೆ:
ಆ ಕಟ್ಟಡದ ಜಾಗ ಯಾವ ಇಲಾಖೆ ಹೆಸರಲ್ಲಿದೆ ಅಂತ ಪಹಣಿ ತೆಗೆಸಿ. ಸರ್ಕಾರದ್ದೇ ಆದರೆ ಇಲಾಖೆಯಿಂದ ಇಲಾಖೆಗೆ ವರ್ಗಾವಣೆ, ಕೊಳ್ಳೋ ಮಾತೇ ಇಲ್ಲ. ಅರ್ಜಿಯಲ್ಲಿ ಬರೀ ಬೇಡ ಅನ್ನಬೇಡಿ, 'ಇಲ್ಲಿ ಬೇಡ, ಅಲ್ಲಿ ಮಾಡಿ' ಅಂತ ಬರೆಯಿರಿ. ಅಧಿಕಾರಿಗೂ ಫೈಲ್ ಮುಂದಕ್ಕೆ ಕಳಿಸೋಕೆ ಒಂದು ದಾರಿ ಬೇಕಲ್ವಾ.

ಮಾಹಿತಿ ಹಕ್ಕಿನಲ್ಲಿ ಮೂರು ಕಾಗದ ಕೇಳಿ: ಯೋಜನಾ ವರದಿ, ಕೆರೆ ಅಳತೆಯ ನಕ್ಷೆ, ಕೆರೆ ಪ್ರಾಧಿಕಾರದ ಒಪ್ಪಿಗೆ ಪತ್ರ ಇದ್ದರೆ ಅದರ ಪ್ರತಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಕೆರೆ ಯಾರ ಸುಪರ್ದಿ ಅಂತಲೂ ನೋಡಿಕೊಳ್ಳಿ. ಅಚ್ಚುಕಟ್ಟು 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಜಿಲ್ಲಾ ಪಂಚಾಯಿತಿ. ತಪ್ಪು ಕಚೇರಿಗೆ ಕೊಟ್ಟರೆ ಅಲ್ಲಿಂದ ಇಲ್ಲಿಗೆ ಅಲೆಸುತ್ತಾರೆ.

ಕೋಡಿ ಕಲ್ಲಿನ ಫೋಟೋ ಇವತ್ತೇ ತೆಗೆಯಿರಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ, ಎತ್ತರ ಗೊತ್ತಾಗಲಿ.

ಹಿನ್ನೀರು_ಹುಡುಗ:
ಆಯಿತು ಸಾರ್. ಆಕ್ಷೇಪಣೆ ಕೊಡೋಕೆ ಮುಂದಿನ ಸೋಮವಾರ ಕೊನೆ ದಿನ. ಮಾಹಿತಿ ಹಕ್ಕಿನ ಉತ್ತರ ಅಷ್ಟರಲ್ಲಿ ಬರಲ್ಲ.

ಪೆನ್ಸಿಲ್_ನಕ್ಷೆ:
ಬರದಿದ್ದರೂ ಕೇಳಿದ್ದೇನೆ ಅಂತ ಆಕ್ಷೇಪಣೆಯಲ್ಲಿ ಬರೆಯಿರಿ, ಸ್ವೀಕೃತಿ ಪ್ರತಿ ಲಗತ್ತಿಸಿ. ಮುಂದೆ ಕೆಲಸಕ್ಕೆ ಬರುತ್ತದೆ. ಎರಡು ಪ್ರತಿ ಒಯ್ದು ಒಂದಕ್ಕೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಇಲ್ಲದೆ ಹೊರಗೆ ಬರಬೇಡಿ.

ಕಡಲೂರ_ಸೊಸೆ:
ತಮ್ಮ, ದನ ಮೇಯಿಸುವವರ, ಮೀನು ಹಿಡಿಯುವವರ ಸಹಿಯನ್ನೂ ಹಾಕಿಸಿ. ಇಲ್ಲಿ ತದಡಿಯಲ್ಲಿ ಮಾತಿಗೆ ತೂಕ ಬಂದಿದ್ದು ಕೆಸರಲ್ಲಿ ದುಡಿಯುವವರು ಮುಂದೆ ಬಂದು ನಿಂತ ಮೇಲೆ. ಓದಿದವರು ಬರೀ ಕಾಗದ ಕೊಟ್ಟಿದ್ದರೆ ಬುಟ್ಟಿಗೆ ಹೋಗುತ್ತಿತ್ತು.

ಟೊಮೆಟೊ_ಮಂಡಿ:
ಅಚ್ಚುಕಟ್ಟುದಾರರದ್ದು ನಾನು ಮಾಡಿಸಿಕೊಡಬಹುದು, ಯಾವ ಊರು ಅಂತ ಮೆಸೇಜಲ್ಲಿ ಹೇಳು. ಮಂಡಿಗೆ ದಿನಾ ನಿಮ್ಮ ಕಡೆ ರೈತರು ಬರುತ್ತಾರೆ.

ಸೈಟ್_ಬೇಕು:
ರೇಷ್ಮೆ ಕಟ್ಟಡದ ಪಹಣಿ ಬಂದ ಮೇಲೆ ನನಗೂ ತಿಳಿಸಿ. ಅದು ಸರ್ಕಾರದ್ದು ಅಂತ ಕಂಡರೆ ನಮ್ಮ ಬೀದಿಯಿಂದ ಮೂವತ್ತು ಸಹಿ ನಾನು ತರುತ್ತೇನೆ. ಆದರೆ ಅದೇ ಅರ್ಜಿಯಲ್ಲಿ ನಮ್ಮ ಚರಂಡಿ ವಿಷಯವೂ ಇರಬೇಕು. ಇಲ್ಲ ಅಂದರೆ ಒಂದೂ ಇಲ್ಲ.

ಹಿನ್ನೀರು_ಹುಡುಗ:
ಚರಂಡಿ ಮೊದಲನೇ ಪ್ಯಾರಾದಲ್ಲೇ ಹಾಕುತ್ತೇನೆ ಅಣ್ಣ. ಡ್ರಾಫ್ಟ್ ನಾಳೆ ಸಂಜೆ ಇಲ್ಲೇ ಹಾಕುತ್ತೇನೆ, ತಿದ್ದಿಕೊಡಿ.